ಒಂದಾದ ಮೇಲೆ ಮುಕ್ಕಾಲು

ಈ ಸಲ ನಮ್ಮ ಬ್ರಿಸ್ಬೇನಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹಾಲ್ ಸಿಕ್ಕಲಿಲ್ಲ. ಪ್ರತಿವರ್ಷ ನಾವು ಸೇರುತ್ತಿದ್ದ ರನ್‌ಕಾರ್ನ್ ಕಡೆಯ ಭವನವನ್ನು ಯಾರೋ ಮದುವೆಗೆ ಮೊದಲೇ ಹಿಡಿದುಬಿಟ್ಟಿದ್ದರು. ಅಲ್ಲಿ ಇಲ್ಲಿ ಅಲೆದು ಕೊನೆಗೆ ಸಿಕ್ಕಿದ್ದು ಊರಾಚೆಯ ಷೋಗ್ರೌಂಡಿನ ದನದ ಪೆವಿಲಿಯನ್. ವರ್ಷಕ್ಕೊಮ್ಮೆ ಕೃಷಿ ಮೇಳ ನಡೆದಾಗ ಸುತ್ತಲಿನ ರೈತರು ತಮ್ಮ ಹಸು ಹೋರಿಗಳನ್ನು ಮೈತೊಳೆದು ತಂದು ಕಟ್ಟುವ ದೊಡ್ಡ ತಗಡಿನ ಚಪ್ಪರ ಅದು. "ತಾಯಿ ಭುವನೇಶ್ವರೀನ ಕೊಟ್ಟಿಗೇಲಿ ಕೂರಿಸ್ತೀರೇನ್ರೀ?" ಎಂದು ಕಮಿಟಿಯಲ್ಲಿ ಒಬ್ಬರು ಮುಖ ಸಿಂಡರಿಸಿದರು. "ಗೋವಿನ ಸನ್ನಿಧಾನ ಅಂದ್ಕೊಳ್ಳಿ ಸಾರ್, ಪುಣ್ಯ ಬರುತ್ತೆ" ಎಂದು ಇನ್ನೊಬ್ಬರು ತೇಪೆ ಹಾಕಿದರು. ಆ ಕೊಟ್ಟಿಗೆಯಲ್ಲಿ ಒಂದಿಡೀ ಚಳಿಗಾಲ ಕಳೆದವನು ನಾನು.

ಕಾರ್ಯಕ್ರಮದ ದಿನ ಬೆಳಿಗ್ಗೆ ಕುರ್ಚಿ ಜೋಡಿಸಲು ನಾವು ಮೂವರೂ ಬೇಗ ಹೋದೆವು. ನಾನು, ಹೆಂಡತಿ ಸುಧಾ, ಮತ್ತು ಅಡಿಲೇಡಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸಕ್ಕೆ ಸೇರಿ ರಜೆಗೆ ಬಂದಿದ್ದ ಮಗಳು ಮೈತ್ರಿ. ತಗಡಿನ ಬಾಗಿಲನ್ನು ಮೇಲೆತ್ತಿದ ಕೂಡಲೇ ಆ ವಾಸನೆ ಬಂತು. ಒಣಹುಲ್ಲು, ಮರದ ಹೊಟ್ಟು, ಎಷ್ಟು ತೊಳೆದರೂ ಸಿಮೆಂಟಿನಿಂದ ಹೋಗದ ಗಂಜಲ. ಮೈತ್ರಿ ಬಾಗಿಲಲ್ಲೇ ನಿಂತಳು. "ಓ ಮೈ ಗಾಡ್ ಅಪ್ಪ, ಸೇಮ್ ಸ್ಮೆಲ್!" ಎಂದಳು. ಸುಧಾ ಕುರ್ಚಿಯ ರಾಶಿಯ ಹತ್ತಿರ ಬಗ್ಗಿ ನೆಲ ನೋಡುತ್ತಿದ್ದಳು. ಅಲ್ಲಿ ಸಿಮೆಂಟಿಗೆ ಅಂಟಿಕೊಂಡು ಒಂದು ಮೊಳದಷ್ಟು ಹಳದಿ ಟೇಪು ಇನ್ನೂ ಉಳಿದಿತ್ತು. ಮೂವರೂ ಒಂದೇ ವರ್ಷವನ್ನು ನೆನೆಯುತ್ತಿದ್ದೇವೆಂದು ನನಗೆ ಗೊತ್ತಾಯಿತು.

ಆಗ ಮೈತ್ರಿ ಹನ್ನೊಂದನೇ ತರಗತಿ. ಅದರ ಹಿಂದಿನ ನವೆಂಬರಿನಲ್ಲಿ ಬ್ರಿಸ್ಬೇನಿನ ದಕ್ಷಿಣ ಭಾಗದ ಮೇಲೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಸುರಿದು, ನಮ್ಮ ಹೆಂಚು ಒಡೆಯಿತು, ಕಾರಿನ ಗಾಜು ಪುಡಿಯಾಯಿತು, ಅವಳ ಶಾಲೆಯ ಜಿಮ್ನೇಷಿಯಮ್ಮಿನ ಚಾವಣಿ ಜರಡಿಯಾಯಿತು. ಒಳಗಿನ ಮರದ ನೆಲ ನೀರು ಕುಡಿದು ಹಪ್ಪಳದ ಹಾಗೆ ಎದ್ದು ನಿಂತಿತು. ಇನ್ಶೂರೆನ್ಸಿನವರು ಬಂದರು, ಅಳೆದರು, ಹೋದರು, ಮತ್ತೆ ಬಂದು ಅಳೆದರು. ಅಷ್ಟರಲ್ಲಿ ಮೇ ಬಂತು, ಇಲ್ಲಿನ ಚಳಿಗಾಲ ಬಂತು, ಬಾಸ್ಕೆಟ್‌ಬಾಲ್ ಆಟದ ಕಾಲವೂ ಬಂತು. ಅಕ್ಕಪಕ್ಕದ ಶಾಲೆಗಳದೂ ಅದೇ ಪಾಡು. ಕೊನೆಗೆ ಷೋಗ್ರೌಂಡಿನವರು ದೊಡ್ಡ ಮನಸ್ಸು ಮಾಡಿ ದನದ ಪೆವಿಲಿಯನ್ ಬಿಟ್ಟುಕೊಟ್ಟರು.

ಚಕ್ರದ ಮೇಲೆ ಉರುಳುವ ಎರಡು ಬುಟ್ಟಿಗಂಬ ತಂದರು, ಸಿಮೆಂಟಿನ ಮೇಲೆ ಹಳದಿ ಟೇಪಿನಿಂದ ಗೆರೆ ಹಾಕಿದರು. ಗೋಡೆಯುದ್ದಕ್ಕೂ ದನ ಕಟ್ಟುವ ಕಬ್ಬಿಣದ ಬಳೆಗಳು. ಆಟದ ನಡುವೆ ಹುಡುಗಿಯರು ನೀರಿನ ಬಾಟಲಿಗಳನ್ನು ಅವಕ್ಕೇ ನೇತುಹಾಕುತ್ತಿದ್ದರು. 'ಹೋರಿಗಳನ್ನು ಇಲ್ಲಿ ಕಟ್ಟಬಾರದು' ಎಂಬ ಇಂಗ್ಲಿಷ್ ಬೋರ್ಡಿನ ಕೆಳಗೆ ಕೋಚ್ ಕೆರಿ ತನ್ನ ತಂಡವನ್ನು ಕೂರಿಸಿ ಉಪದೇಶ ಮಾಡುತ್ತಿದ್ದಳು. ಉಸ್ತುವಾರಿಯ ಬ್ಯಾರಿ ಎಂಬ ಮುದುಕ ಪ್ರತಿ ಪಂದ್ಯಕ್ಕೆ ಮೊದಲು ಉದ್ದನೆಯ ಪೊರಕೆಯಿಂದ ನೆಲ ಗುಡಿಸಿ, "ಹಸುಗಳೇ ವಾಸಿ, ಇಷ್ಟು ಕಿರಿಚೋದಿಲ್ಲ" ಎನ್ನುತ್ತಿದ್ದ. ಜೂನ್‌ನಲ್ಲಿ ಮೇಳ ಬಂದಾಗ ನಾವು ಜಾಗ ಖಾಲಿ ಮಾಡಿದೆವು, ನಿಜವಾದ ಹಕ್ಕುದಾರರು ಬಂದು ಇದ್ದು ಹೋದರು. ಅದಾದ ಮೇಲಿನ ವಾರ ಯಾವ ಹುಡುಗಿಯೂ ನೆಲಕ್ಕೆ ಬಿದ್ದು ಚೆಂಡು ಹಿಡಿಯುವ ಸಾಹಸ ಮಾಡಲಿಲ್ಲ.

ಅದೇ ವರ್ಷ ಶಾಲೆಗಳ ನಡುವೆ ಇನ್ನೊಂದು ಗಲಾಟೆ ಎದ್ದಿತ್ತು, ಶಾಟ್ ಕ್ಲಾಕ್ ಬೇಕೋ ಬೇಡವೋ ಎಂದು. ದೊಡ್ಡವರ ಆಟದಲ್ಲಿ ಚೆಂಡು ಕೈಗೆ ಬಂದ ತಂಡ ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಲೇಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಅದನ್ನು ತೋರಿಸುವ ಗಡಿಯಾರವೇ ಶಾಟ್ ಕ್ಲಾಕ್. ನಮ್ಮ ಮಕ್ಕಳ ಆಟದಲ್ಲಿ ಅದಿರಲಿಲ್ಲ. ಹಿಂದಿನ ವರ್ಷ ಒಂದು ಶಾಲೆಯವರು ಎರಡು ಪಾಯಿಂಟ್ ಮುಂದಿದ್ದಾಗ ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸಿಕೊಳ್ಳುತ್ತ, ಆಟ ಮುಗಿಯುವ ತನಕ ಬುಟ್ಟಿಯ ಕಡೆ ಮುಖವನ್ನೇ ಹಾಕಿರಲಿಲ್ಲ. ಅಂದಿನಿಂದ ಪೋಷಕರು ಎರಡು ಪಂಗಡವಾಗಿದ್ದರು. ಗಡಿಯಾರ ಇಟ್ಟರೆ ಮಕ್ಕಳು ಯೋಚಿಸುವುದನ್ನೇ ಬಿಟ್ಟು ಸಿಕ್ಕಸಿಕ್ಕಂತೆ ಎಸೆಯುತ್ತಾರೆ ಎಂದು ಒಂದು ಪಂಗಡ, ಇಡದಿದ್ದರೆ ನೋಡಲು ಬಂದವರು ನಿದ್ದೆ ಹೋಗುತ್ತಾರೆ ಎಂದು ಇನ್ನೊಂದು.

ಶಾಲೆಯ ಲೈಬ್ರರಿಯಲ್ಲಿ ನಡೆದ ಸಭೆಯಲ್ಲಿ ಗಡಿಯಾರದ ಪರವಾಗಿ ಗಟ್ಟಿಯಾಗಿ ಮಾತಾಡಿದವಳು ಸುಧಾ. ಅವಳು ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದ ಡಾಕ್ಟರು. ನಡೆಯುವುದು, ಉಣ್ಣುವುದು, ಕಾರು ಓಡಿಸುವುದು, ಜಗಳವಾಡುವುದು ಎಲ್ಲವೂ ಅವಳಿಗೆ ಬಿರಬಿರನೆ ಆಗಬೇಕು. ಸಭೆ ಮುಗಿಸಿ ಕಾರು ಹತ್ತಿದ ಮೇಲೆ ನನಗೆ ಕನ್ನಡದಲ್ಲಿ ಮತ್ತೊಂದು ಭಾಷಣವಾಯಿತು. "ಪಂಕ್ತೀಲಿ ಒಬ್ಬರು ಮಜ್ಜಿಗೆ ಅನ್ನ ಕಲೆಸ್ತಾ ಕಲೆಸ್ತಾ ಕೂತಿದ್ರೆ ಮಿಕ್ಕೋರೆಲ್ಲ ಕೈ ಒಣಗಿಸ್ಕೊಂಡು ಕಾಯ್ಬೇಕಲ್ವಾ? ಅದೇ ಕಥೆ ಇದು. ಏಳೋ ಹಾಗೂ ಇಲ್ಲ, ಕೂರೋ ಹಾಗೂ ಇಲ್ಲ."

"ಊಟಕ್ಕೆ ಕೂತೋರ್ನ ಅವಸರ ಮಾಡ್ಬಾರ್ದು ಅಂತಾನೂ ಹೇಳ್ತಾರೆ" ಎಂದೆ.

"ನೀನು ಹೇಳ್ತೀಯ ಬಿಡು. ನಿಮ್ಮನೆ ಪಂಕ್ತೀಲಿ ಕೊನೇಲಿ ಉಳೀತಿದ್ದೋನೇ ನೀನು."

ಹಿಂದಿನ ಸೀಟಿನಲ್ಲಿದ್ದ ಮೈತ್ರಿ ಕಿಟಕಿಯಾಚೆ ನೋಡುತ್ತಿದ್ದಳು. ಸುಧಾಳಿಗೆ ಆಗ ಹೊಳೆಯದೆ ಹೋದದ್ದು ಅವಳಿಗೆ ಆಗಲೇ ಹೊಳೆದಿತ್ತು. ನಮ್ಮ ಮನೆಯಲ್ಲಿ ಮಜ್ಜಿಗೆ ಅನ್ನ ಕಲೆಸುತ್ತ ಕೂರುವ ಇನ್ನೊಬ್ಬಳು ಅವಳೇ. ಆಟದಲ್ಲೂ ಅವಳದು ಅದೇ ಗುಣ. ತಂಡದ ಚೆಂಡನ್ನು ಮುಂದೆ ತರುವ, ಯಾರಿಗೆ ಯಾವಾಗ ಕೊಡಬೇಕೆಂದು ನೋಡುವ ಜಾಗ ಅವಳದಾಗಿತ್ತು. ಓಡುವುದರಲ್ಲಿ ಅಷ್ಟಕ್ಕಷ್ಟೆ. ಆದರೆ ಚೆಂಡನ್ನು ನೆಲಕ್ಕೆ ತಟ್ಟುತ್ತ ನಿಂತು, ಕಾದು, ಕಾದು, ಯಾರೂ ಕಾಣದ ಸಂದಿಯಲ್ಲಿ ತೂರಿಸಿಬಿಡುತ್ತಿದ್ದಳು. ಆ ಜಾಗಕ್ಕಾಗಿ ಅವಳು ಎಂಟನೇ ತರಗತಿಯಿಂದ ದುಡಿದಿದ್ದಳು. ಈಗ ಗಡಿಯಾರ ಬಂದರೆ?

ಬಂತು. ಆ ಒಂದು ಚಳಿಗಾಲ ಪ್ರಯೋಗ ಮಾಡಿ ನೋಡೋಣ, ಕೊನೆಗೆ ಎಲ್ಲರೂ ಕೂತು ತೀರ್ಮಾನಿಸೋಣ ಎಂದು ಶಾಲೆಗಳು ಒಪ್ಪಿದವು. ಮೊದಲ ವಾರವೇ ಕೆರಿ ಮೈತ್ರಿಯನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದಳು, ಇನ್ನು ಮೇಲೆ ಆಟ ಶುರುಮಾಡುವವಳು ಝೋಯಿ, ನೀನು ಬೇಕಾದಾಗ ಒಳಗೆ ಬರುತ್ತೀಯ ಎಂದು. ಝೋಯಿ ಜಿಂಕೆಯಂಥ ಹುಡುಗಿ, ಚೆಂಡು ಸಿಕ್ಕಿದರೆ ಸಾಕು, ಆಚೆ ತುದಿಯಲ್ಲಿರುತ್ತಿದ್ದಳು. ಮನೆಗೆ ಬಂದು ಮೈತ್ರಿ ಅಮ್ಮನಿಗೆ ಒಂದೇ ಮಾತು ಹೇಳಿದಳು. "ಯು ವೋಟೆಡ್ ಮಿ ಔಟ್, ಅಮ್ಮ."

ಗಡಿಯಾರ ಬಂದ ಮೇಲೆ ಅದರ ಗುಂಡಿ ಒತ್ತುವವರು ಬೇಕಲ್ಲ. ಇಲ್ಲಿ ಅಂಕ ಬರೆಯುವುದು, ಸಮಯ ನೋಡುವುದು ಎಲ್ಲವೂ ಪೋಷಕರ ಪಾಳಿ. ಎರಡೂ ಪಂಗಡಕ್ಕೆ ಸೇರದ ಒಬ್ಬನೇ ಒಬ್ಬ ನಾನಾದ್ದರಿಂದ ಆ ಗುಂಡಿ ನನ್ನ ಕೈಗೆ ಬಂತು. ಓದಿದ್ದು ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಮಾಡುವುದು ಎಯ್ಟ್ ಮೈಲ್ ಪ್ಲೇನ್ಸ್ ಎಂಬ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಎರಡಕ್ಕಿಂತಲೂ ಈ ಗುಂಡಿಯ ಕೆಲಸವೇ ಕಷ್ಟದ್ದು. ಚೆಂಡು ಕೈ ಬದಲಾದಾಗಲೆಲ್ಲ ಮರಳಿ ಒತ್ತಬೇಕು. ಒಂದು ಕ್ಷಣ ಮಗಳ ಮುಖ ನೋಡಿದರೆ ಇನ್ನೊಬ್ಬರ ಮಗಳಿಗೆ ಅನ್ಯಾಯವಾಗುತ್ತದೆ. ಹಾಗಾಗಿ ಆ ಚಳಿಗಾಲವೆಲ್ಲ ನಾನು ನನ್ನ ಮಗಳ ಆಟ ನೋಡಲಿಲ್ಲ, ಚೆಂಡು ಮಾತ್ರ ನೋಡಿದೆ.

ಶನಿವಾರದ ಮಧ್ಯಾಹ್ನ ಬ್ಯಾರಿಯನ್ನು ಕೇಳಿಕೊಂಡು ನಾವಿಬ್ಬರೇ ಪೆವಿಲಿಯನ್ನಿಗೆ ಅಭ್ಯಾಸಕ್ಕೆ ಹೋಗುತ್ತಿದ್ದೆವು. ನನ್ನ ಕೈಲಾದದ್ದು ಎಣಿಸುವುದಷ್ಟೇ. ಅವಳು ಚೆಂಡು ತಟ್ಟುತ್ತ ಬರುತ್ತಿದ್ದಳು, ನಾನು ಕನ್ನಡದಲ್ಲಿ ಹತ್ತರಿಂದ ಕೆಳಗೆ ಎಣಿಸುತ್ತಿದ್ದೆ. ಇದು ನಮ್ಮ ಮನೆಯ ಹಳೆಯ ಪದ್ಧತಿ. ಅವಳು ಚಿಕ್ಕವಳಿದ್ದಾಗ ಶೂ ಹಾಕಿಕೊಳ್ಳಲು, ಹಾಲು ಕುಡಿದು ಮುಗಿಸಲು, ಸ್ನಾನದ ಟಬ್ಬಿನಿಂದ ಏಳಲು ನಾನು ಎಣಿಸಲೇಬೇಕಿತ್ತು. "ಹತ್ತು ಎಣಿಸೋದ್ರೊಳಗೆ ಕಾರಲ್ಲಿರ್ಬೇಕು, ರಘು, ನೀನೇ ಎಣಿಸು" ಎಂದು ಸುಧಾ ಆಜ್ಞೆ ಮಾಡಿ ಹೋಗುತ್ತಿದ್ದಳು. ಒಂದಕ್ಕೆ ಬಂದರೂ ಮಗುವಿನ ಒಂದು ಕಾಲಲ್ಲಿ ಶೂ ಇರುತ್ತಿರಲಿಲ್ಲ. ಸೊನ್ನೆ ಅನ್ನಲು ನನಗೆ ಮನಸ್ಸು ಬಾರದು. ಹಾಗಾಗಿ ಒಂದಾದ ಮೇಲೆ ಮುಕ್ಕಾಲು ಎನ್ನುತ್ತಿದ್ದೆ. ಆಮೇಲೆ ಅರ್ಧ. ಆಮೇಲೆ ಕಾಲು. ಇನ್ನೂ ಆಗದಿದ್ದರೆ ಅರೆಕಾಲು, ತರಕಾರಿಯವಳ ಹತ್ತಿರ ನನ್ನಜ್ಜಿ ಚೌಕಾಸಿ ಮಾಡುತ್ತಿದ್ದ ಲೆಕ್ಕ. ನಮ್ಮ ಮನೆಯಲ್ಲಿ ಸೊನ್ನೆ ಬಂದದ್ದೇ ಇಲ್ಲ.

ಪೆವಿಲಿಯನ್ನಿನಲ್ಲೂ ನನ್ನ ನಾಲಿಗೆ ಅದೇ ಹಾದಿ ಹಿಡಿಯಿತು. ಚೆಂಡು ಇನ್ನೂ ಅವಳ ಕೈಯಲ್ಲಿದ್ದರೆ "ಒಂದು… ಮುಕ್ಕಾಲು… ಅರ್ಧ…" ಎನ್ನುತ್ತಿದ್ದೆ. ಅವಳು ನಕ್ಕು, ಮುಕ್ಕಾಲಿಗೋ ಅರ್ಧಕ್ಕೋ ಸಲೀಸಾಗಿ ಎಸೆದು ಬುಟ್ಟಿಗೆ ಹಾಕುತ್ತಿದ್ದಳು. ಒಮ್ಮೆ ಡ್ಯೂಟಿ ಮುಗಿಸಿ ನಮ್ಮನ್ನು ಕರೆದೊಯ್ಯಲು ಬಂದ ಸುಧಾ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು.

"ರಘು, ಆ ಮುಕ್ಕಾಲು ಅರ್ಧ ಎಲ್ಲ ನಿಲ್ಸು. ಆ ಮಷೀನಿಗೆ ಮುಕ್ಕಾಲು ಗೊತ್ತಿಲ್ಲ."

"ಅವಳಿಗೆ ಧೈರ್ಯ ಬರ್ಲಿ ಅಂತ."

"ಧೈರ್ಯ ಅಲ್ಲ, ಅಭ್ಯಾಸ ಬರುತ್ತೆ" ಎಂದು ಹೇಳಿ ಕಾರಿನತ್ತ ನಡೆದಳು. ಡಾಕ್ಟರರ ಮಾತು ಕೇಳಬೇಕಿತ್ತು.

ಆದರೂ ಆ ಅಭ್ಯಾಸ ಫಲ ಕೊಡದೆ ಇರಲಿಲ್ಲ. ಮೈತ್ರಿ ಒಳಗೆ ಹೋದಾಗಲೆಲ್ಲ ತಂಡ ಸ್ವಲ್ಪ ಉಸಿರಾಡಿಕೊಳ್ಳುತ್ತಿತ್ತು. ಗಡಿಯಾರದ ಕೆಂಪು ಅಂಕಿ ಇಳಿಯುತ್ತಿದ್ದರೂ ಅವಳ ಕಣ್ಣು ಸಂದಿ ಹುಡುಕುವುದನ್ನು ಬಿಡಲಿಲ್ಲ. ಕೆರಿ ಅವಳನ್ನು ಮೊದಲು ಐದು ನಿಮಿಷ ಆಡಿಸಿದಳು, ಆಮೇಲೆ ಹತ್ತು. ಆದರೆ ಆಟ ಶುರುಮಾಡುವ ಐವರಲ್ಲಿ ಅವಳ ಹೆಸರು ಮತ್ತೆ ಬರಲಿಲ್ಲ. ಮುಂದಿನ ವರ್ಷ ಅವಳಿಗೆ ಶಾಲೆಯ ಕೊನೆಯ ವರ್ಷ. ಈ ಚಳಿಗಾಲದಲ್ಲಿ ಜಾಗ ವಾಪಸ್ ಬರದಿದ್ದರೆ ಇನ್ನು ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಸುಧಾ ತಟ್ಟೆ ಬೇಗ ಖಾಲಿ ಮಾಡಿ, ಎದ್ದು ಹೋಗದೆ, ಮಗಳ ಊಟ ಮುಗಿಯುವ ತನಕ ಕೈ ಒಣಗಿಸಿಕೊಂಡು ಕೂರುವುದನ್ನು ಕಲಿತಳು.

ಕೊನೆಯ ಪಂದ್ಯ ಆಗಸ್ಟಿನಲ್ಲಿ. ಬ್ರಿಸ್ಬೇನಿನ ಆಗಸ್ಟಿನ ಪಡುವಣ ಗಾಳಿ ಒಣಗಾಳಿ, ತುಟಿ ಒಡೆಯುತ್ತದೆ. ಪೆವಿಲಿಯನ್ನಿನ ತಗಡು ದಡದಡ ಬಡಿದುಕೊಳ್ಳುತ್ತಿತ್ತು. ಹೊರಗೆ ಪೋಷಕರು ಎಂದಿನಂತೆ ಸಾಸೇಜ್ ಸುಡುತ್ತಿದ್ದರು. ಸಸ್ಯಾಹಾರಿಗಳಿಗೆಂದು ನಾವು ದೊಡ್ಡ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಬಿಸಿಬೇಳೆಬಾತ್ ತಂದಿದ್ದೆವು. ಬಿಸಿಬೇಳೆಬಾತ್ ತಣ್ಣಗಾದರೆ ಅದಕ್ಕೆ ಏನರ್ಥ? ಗೋಡೆಯಲ್ಲಿ ಹಸುಗಳ ಕೂದಲು ಕತ್ತರಿಸುವ ಮಷೀನಿಗೆಂದು ಇದ್ದ ಪ್ಲಗ್ಗಿಗೆ ನಾನೇ ಕುಕ್ಕರನ್ನು ಹಾಕಿದೆ. ಅದೇ ಕರೆಂಟ್ ಸಾಲಿನಲ್ಲಿ ಟೀ ನೀರು ಕಾಯುತ್ತಿತ್ತು. ಅದೇ ಸಾಲಿನಲ್ಲಿ ಶಾಟ್ ಕ್ಲಾಕೂ ಇತ್ತು. ಎಲೆಕ್ಟ್ರಿಕಲ್ ಇಂಜಿನಿಯರಿಗೆ ಇದು ತಿಳಿಯಬೇಕಿತ್ತು.

ಕೊನೆಯ ಕಾಲು ಭಾಗದಲ್ಲಿ, ಎರಡೂ ತಂಡ ಸಮಸಮ ಹೋಗುತ್ತಿದ್ದಾಗ, ಟಪ್ ಎಂದಿತು. ಅಂಕ ತೋರಿಸುವ ದೊಡ್ಡ ಬೋರ್ಡು ಬೇರೆ ಸಾಲಿನದು, ಉರಿಯುತ್ತಲೇ ಇತ್ತು. ಶಾಟ್ ಕ್ಲಾಕ್ ಮಾತ್ರ ಕಪ್ಪಾಯಿತು. ಫ್ಯೂಸಿನ ಪೆಟ್ಟಿಗೆಗೆ ಬೀಗ, ಬೀಗದ ಕೈ ಬ್ಯಾರಿಯ ಜೇಬಿನಲ್ಲಿ, ಬ್ಯಾರಿ ಹಿಂದಿನ ಹೊಲದಲ್ಲೆಲ್ಲೋ. ರೆಫರಿ ಎರಡೂ ಕೋಚ್‌ಗಳನ್ನು ಕರೆದು ಮಾತಾಡಿ ನನ್ನ ಬಳಿ ಬಂದ. ಫೋನಿನಲ್ಲಿ ಸಮಯ ಹಿಡಿ, ಕೊನೆಯ ಹತ್ತು ಸೆಕೆಂಡು ಎಲ್ಲರಿಗೂ ಕೇಳುವಂತೆ ಕೂಗು, ಮುಗಿದ ಕೂಡಲೇ ಇದನ್ನು ಬಾರಿಸು ಎಂದು ಮೇಜಿನ ಮೇಲೆ ಒಂದು ಹಿತ್ತಾಳೆಯ ಗಂಟೆ ಇಟ್ಟ. ಮೇಳದಲ್ಲಿ ಹೋರಿಗಳ ಸ್ಪರ್ಧೆ ಮುಗಿದಾಗ ಬಾರಿಸುವ ಗಂಟೆ ಅದು.

ಮುಂದಿನ ಕೆಲವು ನಿಮಿಷ ಎರಡೂ ಕಡೆಯವರು ಗಾಬರಿಯಲ್ಲಿ ಬೇಗಬೇಗ ಎಸೆದುಬಿಟ್ಟರು, ನಾನು ಬಾಯಿ ತೆರೆಯುವ ಪ್ರಸಂಗ ಬರಲಿಲ್ಲ. ಅಷ್ಟರಲ್ಲಿ ಝೋಯಿ ಐದನೇ ಫೌಲ್ ಮಾಡಿ ಹೊರಬಿದ್ದಳು. ಕೆರಿ ಮೈತ್ರಿಯತ್ತ ನೋಡಿ ತಲೆಯಾಡಿಸಿದಳು. ನಮ್ಮ ತಂಡ ಒಂದು ಪಾಯಿಂಟ್ ಹಿಂದೆ, ಆಟ ಮುಗಿಯಲು ಅರ್ಧ ನಿಮಿಷವಷ್ಟೇ ಬಾಕಿ, ಚೆಂಡು ಅವಳ ಕೈಯಲ್ಲಿ. ಸುಧಾ ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಓಡಿಬಂದು ನನ್ನ ಬೆನ್ನ ಹಿಂದೆ ನಿಂತಳು.

ಮೈತ್ರಿ ಚೆಂಡು ತಟ್ಟುತ್ತ ನಿಂತಳು. ಎತ್ತರದ ಹುಡುಗಿಯೊಬ್ಬಳು ಬುಟ್ಟಿಯ ಕಡೆಗೆ ಸುತ್ತು ಹಾಕಿ ಬರಬೇಕಿತ್ತು, ಅದಕ್ಕಾಗಿ ಅವಳು ಕಾಯುತ್ತಿದ್ದಳು. ನಾನು ಫೋನು ನೋಡುತ್ತ ಕೂಗಲು ಶುರುಮಾಡಿದೆ. "ಹತ್ತು! ಒಂಬತ್ತು! ಎಂಟು!" ಕನ್ನಡದಲ್ಲಿ ಕೂಗುತ್ತಿದ್ದೇನೆಂಬ ಅರಿವೇ ನನಗಿರಲಿಲ್ಲ. ಆರು. ಐದು. ತಗಡು ಬಡಿಯುತ್ತಿತ್ತು. ಮೂರು. ಎರಡು. ಎತ್ತರದ ಹುಡುಗಿ ಇನ್ನೂ ಒಂದು ಹೆಜ್ಜೆ ಹಿಂದೆ.

"ಒಂದು!"

ಮೈತ್ರಿ ತಲೆಯೆತ್ತಿ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಎಳ್ಳಷ್ಟೂ ಆತಂಕವಿರಲಿಲ್ಲ. ಟಬ್ಬಿನಲ್ಲಿ ಕೂತ ಮಗುವಿನ ಮುಖ ಅದು, ಇನ್ನೂ ಮುಕ್ಕಾಲಿದೆ, ಅರ್ಧವಿದೆ, ಕಾಲಿದೆ ಎಂದು ನಂಬಿದ ಮುಖ. ಮುಕ್ಕಾಲು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ತಿಳಿಯುವವರು ಆ ಚಪ್ಪರದಲ್ಲಿ ಮೂವರೇ. ನಾನು ಗಂಟೆ ಬಾರಿಸಿದೆ.

ಗಂಟೆಯ ಸದ್ದಿನ ಹಿಂದೆಯೇ ಚೆಂಡು ಅವಳ ಕೈ ಬಿಟ್ಟಿತು, ಎತ್ತರದ ಹುಡುಗಿಯ ಕೈ ಸೇರಿತು, ಬುಟ್ಟಿಯೊಳಗೆ ಬಿತ್ತು. ಲೆಕ್ಕಕ್ಕಿಲ್ಲ. ಚೆಂಡು ಎದುರಾಳಿಗೆ ಹೋಯಿತು, ಸಮಯ ಮುಗಿಯಿತು. ಒಂದು ಪಾಯಿಂಟಿನಲ್ಲಿ ಸೋತೆವು.

ರೆಫರಿ ನನ್ನ ಭುಜ ತಟ್ಟಿ, "ಒಂದಕ್ಷರ ಅರ್ಥವಾಗಲಿಲ್ಲ ಮೇಟ್, ಆದರೆ ಲೆಕ್ಕ ಸರಿಯಾಗಿತ್ತು" ಎಂದ. ನನಗೆ ನಾಚಿಕೆಯಾಯಿತು. ಮೈತ್ರಿ ಮೇಜಿನ ಹತ್ತಿರ ಬಂದು ನಿಂತಳು. ಕಣ್ಣು ತುಂಬಿತ್ತು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅಂದು ಕನ್ನಡದಲ್ಲಿ ಕೇಳಿದಳು.

"ಅಪ್ಪ, ಮುಕ್ಕಾಲು ಎಲ್ಲಿ?"

ಅಂದು ಮನೆಗೆ ಕಾರು ಓಡಿಸಿದವಳು ಸುಧಾ. ಮೋಟರ್‌ವೇಯಲ್ಲಿ ಎಲ್ಲರನ್ನೂ ಹಿಂದೆ ಹಾಕುವವಳು ಅಂದು ಎಡಗಡೆಯ ಸಾಲು ಬಿಡಲಿಲ್ಲ. ಯಾರೂ ಮುಟ್ಟದ ಬಿಸಿಬೇಳೆಬಾತು ಹಿಂದೆ ಡಿಕ್ಕಿಯಲ್ಲಿ ತಣ್ಣಗಾಗುತ್ತಿತ್ತು.

ಅಷ್ಟಾದರೂ ಸೋತವಳು ಮೈತ್ರಿಯಲ್ಲ. ಆ ಕೊನೆಯ ಚೆಂಡು ಸರಿಯಾದ ಜಾಗಕ್ಕೇ ಹೋಗಿತ್ತೆಂದು ಕೆರಿ ಕಂಡಿದ್ದಳು. ಮುಂದಿನ ವರ್ಷ ಆಟ ಶುರುಮಾಡುವವಳು ನೀನೇ, ಒಂದೇ ಒಂದು ಕ್ಷಣ ಮೊದಲು ಬಿಡುವುದನ್ನು ಕಲಿತುಕೋ ಎಂದಳು. ಲೈಬ್ರರಿಯಲ್ಲಿ ತೀರ್ಮಾನದ ಸಭೆ ನಡೆದಾಗ ಆಟಗಾರರ ಪರವಾಗಿ ಮಾತಾಡಲು ಮೈತ್ರಿಯನ್ನು ಎಬ್ಬಿಸಿದರು. ಗಡಿಯಾರ ಬೇಡ ಎನ್ನುತ್ತಾಳೆಂದು ನಾನು ಕಾದಿದ್ದೆ. "ಇರಲಿ. ಅದು ಎಲ್ಲರಿಗೂ ಒಂದೇ ಸಮ ಓಡುತ್ತೆ, ಒತ್ತುವವರು ನಮ್ಮಪ್ಪ ಆಗಿದ್ದರೂ ಕೂಡ" ಎಂದಳು ಇಂಗ್ಲಿಷಿನಲ್ಲಿ. ಸಭೆ ನಕ್ಕಿತು. ಸುಧಾ ನಗಲಿಲ್ಲ, ನಾನೂ ನಗಲಿಲ್ಲ.

ಮುಂದಿನ ವರ್ಷ ಹೊಸ ಚಾವಣಿಯ ಕೆಳಗೆ, ಹೊಸ ಮರದ ನೆಲದ ಮೇಲೆ ಅವಳು ಆಡಿದಳು, ಚೆನ್ನಾಗಿ ಆಡಿದಳು. ಗಡಿಯಾರದ ಮುಖ ನೋಡದೆಯೇ ಎಷ್ಟು ಉಳಿದಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಮನೆಯಲ್ಲೂ ಹಾಗೆಯೇ. ನಾನು ಚಪ್ಪಲಿ ಹುಡುಕುತ್ತಿರುವಾಗ ಅವಳು ಕಾರಿನಲ್ಲಿ ಕೂತು ಹಾರ್ನ್ ಮಾಡುತ್ತಿದ್ದಳು. ಸುಧಾ ಬಯಸಿದ್ದೂ ಅದನ್ನೇ, ಆದರೆ ಅವಳೂ ಆ ಹಾರ್ನ್ ಕೇಳಿ ಖುಷಿಪಟ್ಟಂತೆ ಕಾಣಲಿಲ್ಲ. ಆ ಆಗಸ್ಟಿನ ಮೇಲೆ ನಮ್ಮ ಮನೆಯಲ್ಲಿ ಎಣಿಸುವ ಅಗತ್ಯವೇ ಬೀಳಲಿಲ್ಲ. ನ್ಯಾಯವಾಗಿ ಗಂಟೆ ಬಾರಿಸಿದೆ ಎಂಬುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆದರೆ ಅವಳು ಅಡಿಲೇಡಿಗೆ ಹೊರಟ ದಿನ, ವಿಮಾನ ನಿಲ್ದಾಣಕ್ಕೆ ಎಲ್ಲರಿಗಿಂತ ಮೊದಲು ಸಿದ್ಧಳಾಗಿ ಬಾಗಿಲಲ್ಲಿ ನಿಂತಿದ್ದಾಗ, ಒಂದು ಮುಕ್ಕಾಲು ಹೇಳಬಹುದಿತ್ತಲ್ಲ ಎಂದು ನನಗೆ ಅಳು ಬಂದಿತ್ತು.

ಇದೆಲ್ಲ ನೆನೆಯುತ್ತ ನಾನು ಕುರ್ಚಿ ಜೋಡಿಸುವುದನ್ನು ಮರೆತಿದ್ದೆ. ಸುಧಾ ವೇದಿಕೆಯ ಪಕ್ಕದಲ್ಲಿ ಕುಕ್ಕರಿನ ವೈರು ಹಿಡಿದು, ಯಾವ ಪ್ಲಗ್ಗು ಯಾವ ಸಾಲಿನದೆಂದು ಗೋಡೆ ಪರೀಕ್ಷೆ ಮಾಡುತ್ತಿದ್ದಳು. ಮೈತ್ರಿ ಅಲಂಕಾರಕ್ಕೆ ತಂದಿದ್ದ ಹಳದಿ ಕೆಂಪು ಕಾಗದದ ಚೂರುಗಳನ್ನು ಎರಡೂ ಕೈಯಲ್ಲಿ ಉಂಡೆ ಮಾಡಿ, ನೆಲದಲ್ಲಿ ಉಳಿದಿದ್ದ ಟೇಪಿನ ಹಿಂದೆ ಬಂದು ನಿಂತಳು. ಎದುರಿಗೆ ಕಸದ ಡ್ರಮ್ಮು.

"ಅಪ್ಪ, ಎಣಿಸು" ಎಂದಳು.

ಎಣಿಸಿದೆ. ಐದು. ನಾಲ್ಕು. ಮೂರು. ಎರಡು. ಒಂದು.

ಅವಳು ಎಸೆಯಲಿಲ್ಲ. ಅಂದು ನೋಡಿದ ಹಾಗೆಯೇ ನನ್ನ ಕಡೆ ನೋಡುತ್ತ ನಿಂತಳು.

"ಮುಕ್ಕಾಲು" ಎಂದಳು ಸುಧಾ, ಗೋಡೆಯ ಕಡೆಗೆ ಮುಖ ಮಾಡಿಕೊಂಡೇ.

ಕಾಗದದ ಉಂಡೆ ಇನ್ನೂ ಮೈತ್ರಿಯ ಕೈಯಲ್ಲೇ ಇತ್ತು.

"ಅರ್ಧ" ಎಂದೆ ನಾನು.